ಪಟ್ಟಿಯಲ್ಲಿ ಸಿಕ್ಕ ಪಕ್ಕದ ಮನೆ

2016ರ ಕ್ರಿಸ್‌ಮಸ್‌ಗೆ ಇನ್ನು ನಾಲ್ಕೇ ದಿನ. ಬೆಂಗಳೂರಿನ ಬೆನ್ಸನ್ ಟೌನಿನ ನಮ್ಮ ಹಳೇ ಮನೆಯ ಹಿತ್ತಿಲಲ್ಲಿ ಒಲೆ ಹೂಡಿ ಕಲ್‌ಕಲ್ ಕರಿದಿದ್ದೆವು. ಬಾಣಲೆ ಇಳಿಸಿದ ಮೇಲೂ ಕೆಂಡ ಆರಿರಲಿಲ್ಲ. ಚಳಿಗೆ ಎಲ್ಲರೂ ಅದರ ಸುತ್ತಲೇ ಕೂತುಬಿಟ್ಟೆವು. ಲಂಡನ್ನಿನಿಂದ ರಜಕ್ಕೆ ಬಂದಿದ್ದ ಚಿಕ್ಕಪ್ಪನ ಮಗಳು ಲ್ಯಾಪ್‌ಟಾಪ್ ತಂದು ದೊಡ್ಡತ್ತೆಯ ಮಡಿಲಲ್ಲಿಟ್ಟಳು. “ಅತ್ತೆ, ಒಂದು ಕಾಗದ ನೋಡಬೇಕು. ಕನ್ನಡಕ ಹಾಕ್ಕೊಳ್ಳಿ.”

ದೊಡ್ಡತ್ತೆಗೆ ಆಗ 81. ಹುಟ್ಟಿದ್ದು ಬರ್ಮಾದ ಇನ್ಸೇನ್‌ನಲ್ಲಿ. ತಾತ ಕೆ.ಜಿ.ಎಫ್. ಗಣಿಯಲ್ಲಿ ಫಿಟ್ಟರ್ ಕೆಲಸ ಕಲಿತು, ಮದರಾಸಿನಲ್ಲಿ ಹಡಗು ಹತ್ತಿ ರಂಗೂನಿಗೆ ಹೋದವರು. ರಂಗೂನಿನ ಹೊರವಲಯದ ಇನ್ಸೇನ್‌ನಲ್ಲಿ ಬರ್ಮಾ ರೈಲ್ವೆಯ ದೊಡ್ಡ ವರ್ಕ್‌ಶಾಪ್ ಇತ್ತು. ಅವರು ಹೋಗುವಾಗ ಅದು ದೇಶ ಬಿಟ್ಟು ಹೋದಂತಿರಲಿಲ್ಲ. 1937ರ ಏಪ್ರಿಲ್ 1ರವರೆಗೂ ಬರ್ಮಾ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ್ಯ. 1931ರ ಜನಗಣತಿಯಲ್ಲಿ ರಂಗೂನಿನ ಅರ್ಧಕ್ಕಿಂತ ಹೆಚ್ಚು ಜನ ಭಾರತೀಯರೇ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ತೆಲುಗು, ಹಿಂದೂಸ್ತಾನಿ, ಸಂತೆಯಲ್ಲಿ ಬರ್ಮೀಸ್. ನಮ್ಮ ಕಂಟೋನ್ಮೆಂಟಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1941ರ ಡಿಸೆಂಬರ್ 23ರಂದು ಜಪಾನೀಯರು ರಂಗೂನಿನ ಮೇಲೆ ಬಾಂಬ್ ಹಾಕಿದರು. ಕ್ರಿಸ್‌ಮಸ್ ದಿನ ಮತ್ತೆ ಹಾಕಿದರು. ಮಾರ್ಚ್ ಎರಡನೇ ವಾರಕ್ಕೆ ಊರೇ ಕೈಬಿಟ್ಟಿತು. ಅಷ್ಟರಲ್ಲಿ ರೈಲ್ವೆಯವರೊಂದಿಗೆ ತಾತನ ಸಂಸಾರ ಮಾಂಡಲೆ ಸೇರಿತ್ತು. ಅಲ್ಲಿ ಏಪ್ರಿಲ್ 3, ಶುಭ ಶುಕ್ರವಾರ. ಮಧ್ಯಾಹ್ನದ ಆರಾಧನೆಗೆಂದು ಅಜ್ಜಿ ಮಕ್ಕಳಿಗೆ ತಲೆ ಬಾಚುತ್ತಿದ್ದಾಗ ಬಾಂಬ್ ಬಿತ್ತಂತೆ. ಊರು ಹೊತ್ತಿ ಉರಿಯಿತು. ತಾತನನ್ನು ರೈಲ್ವೆ ಬಿಡಲಿಲ್ಲ. ಅಜ್ಜಿ ಮೂರು ಮಕ್ಕಳನ್ನು ಕಟ್ಟಿಕೊಂಡು ಹೊರಟರು: ಏಳು ವರ್ಷದ ದೊಡ್ಡತ್ತೆ, ನಾಲ್ಕು ವರ್ಷದ ನಮ್ಮಪ್ಪ, ಒಂದೂವರೆ ವರ್ಷದ ಪಾಪು.

ಪಾಪು ಎಂದಷ್ಟೇ ನಮಗೆ ಗೊತ್ತಿತ್ತು. ಆ ಮಗು ದಾರಿಯಲ್ಲಿ ತೀರಿಕೊಂಡಿತು. ಎಂದು, ಎಲ್ಲಿ ಎಂದು ಅಜ್ಜಿ ಸಾಯುವವರೆಗೂ ಬಾಯಿ ಬಿಡಲಿಲ್ಲ. ಅಪ್ಪನಂತೂ ಬರ್ಮಾ ಎಂದರೆ ಎದ್ದು ಹೋಗಿಬಿಡುತ್ತಿದ್ದರು.

ಹಾಗಾಗಿ ಲಂಡನ್ನಿನಲ್ಲಿ ಕೆಲಸ ಹಿಡಿದ ನಮ್ಮ ತಂಗಿ, ಬಿಡುವಾದಾಗಲೆಲ್ಲ ಬ್ರಿಟಿಷ್ ಲೈಬ್ರರಿಗೆ ಹೋಗತೊಡಗಿದಳು. ಇಂಡಿಯಾ ಆಫೀಸಿನ ದಾಖಲೆಗಳೆಲ್ಲ ಈಗ ಇರುವುದು ಅಲ್ಲಿ. ಬರ್ಮಾ ಆಫೀಸಿನ ಕಡತಗಳೂ ಅವುಗಳ ಜೊತೆಗಿವೆ. ಮೊದಲು ಅವಳು ಜ್ಞಾನಸ್ನಾನದ ಪಟ್ಟಿಗಳನ್ನು ತೆಗೆಸಿದಳು. ಇಲ್ಲಿನ ಚರ್ಚುಗಳ ದಾಖಲೆಯ ನಕಲು ಲಂಡನ್ನಿಗೆ ಹೋಗುತ್ತಿತ್ತು ನಿಜ, ಆದರೆ ಅದರಲ್ಲಿರುವುದು ಹೆಚ್ಚಾಗಿ ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು. ಆಮೇಲೆ ಬರ್ಮಾದಿಂದ ಬಂದ ನಿರಾಶ್ರಿತರ ಪಟ್ಟಿಗಳು. ತಾತನ ಹೆಸರನ್ನು ಆರು ಬಗೆಯ ಸ್ಪೆಲ್ಲಿಂಗಿನಲ್ಲಿ ಹುಡುಕಿದಳು. ಇಲ್ಲ. ಒಂದು ಭಾನುವಾರ ಫೋನಿನಲ್ಲಿ ದೊಡ್ಡತ್ತೆಯೇ ಹೇಳಿದರು, “ನಮ್ಮನ್ನು ಯಾರು ಬರಕೊಂಡಿರ್ತಾರೆ, ಕಂದಾ? ಪಕ್ಕದ ಕ್ವಾರ್ಟರ್ಸಿನ ಫೋರ್‌ಮನ್ ಮನೆಯವರ ಹೆಸರು ನೋಡು. ನಮ್ಮ ಜೊತೆಗೇ ಬಂದರು ಅವರು.”

ಆಂಗ್ಲೋ ಇಂಡಿಯನ್ ಸಂಸಾರ ಅದು. ಸಿಕ್ಕಿಯೇಬಿಟ್ಟರು.

ಲ್ಯಾಪ್‌ಟಾಪಿನಲ್ಲಿದ್ದದ್ದು ಆ ಹಾಳೆಯ ಫೋಟೋ. ಹಳದಿಗಟ್ಟಿದ ಕಾಗದ, ಟೈಪ್ ಮಾಡಿದ ಸಾಲುಗಳು, ಅಂಚಿನಲ್ಲಿ ಪೆನ್ಸಿಲಿನ ಗೀಟು. ಹೆಸರು, ವಯಸ್ಸು, ಬಂದು ತಲುಪಿದ ದಿನ. ದೊಡ್ಡತ್ತೆಯ ಬೆರಳು ಸಕ್ಕರೆ ಪಾಕಕ್ಕೆ ಇನ್ನೂ ಅಂಟಂಟಾಗಿತ್ತು. ಅದನ್ನು ಸೆರಗಿಗೆ ಒರೆಸಿಕೊಂಡು ಸಾಲಿನ ಕೆಳಗೆ ನಿಧಾನವಾಗಿ ಎಳೆದರು. ತಾಯಿ, ಇಬ್ಬರು ಗಂಡುಮಕ್ಕಳು, ಎಂಟು ವರ್ಷದ ಒಬ್ಬಳು ಹುಡುಗಿ. ಆ ಹೆಸರಿನ ಮೇಲೆ ಬೆರಳು ನಿಂತಿತು.

“ಕುಂಟೆಬಿಲ್ಲೆಯಲ್ಲಿ ಯಾವಾಗಲೂ ಮೋಸ ಮಾಡೋಳು,” ಎಂದು ನಕ್ಕರು. ಆಮೇಲೆ ತಾರೀಖು ಓದಿದರು. 1942, ಏಪ್ರಿಲ್ 27.

ಬಹಳ ಹೊತ್ತು ಸುಮ್ಮನಿದ್ದು, ಕೆಂಡ ನೋಡುತ್ತಲೇ ಮಾತಾಡಿದರು. ಮೊನಿವಾವರೆಗೆ ರೈಲು, ಛಿಂದ್ವಿನ್ ನದಿಯಲ್ಲಿ ಕಲೇವಾವರೆಗೆ ದೋಣಿ, ಅಲ್ಲಿಂದ ಕಬಾವ್ ಕಣಿವೆಯಲ್ಲಿ ನಡಿಗೆ. ಅಜ್ಜಿ ಸೀರೆ ಹರಿದು ಪಟ್ಟಿ ಮಾಡಿ ಅತ್ತೆಯ ಕೈಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡಿದ್ದರಂತೆ. ರಸ್ತೆ ಪಕ್ಕ ಮಲಗಿದವರೆಲ್ಲ ನಿದ್ದೆ ಮಾಡುತ್ತಿದ್ದಾರೆ ಎಂದು ಹೇಳುತ್ತಿದ್ದರಂತೆ. ಗಡಿಯ ತಮು ತಲುಪಿದಾಗ ಫೋರ್‌ಮನ್ ಮನೆಯವರನ್ನು ಬೇರೆ ಕ್ಯಾಂಪಿಗೆ ಕರೆದುಕೊಂಡು ಹೋದರು. ಅವರಿಗೆ ಮುಂದೆ ಲಾರಿ ಸಿಕ್ಕಿತು. ಇವರು ಗಡಿಯಾಚೆಯ ಪಲೇಲ್ ಕಡೆಗೆ ನಡೆದರು.

‘ಬಿಳಿಯರ ದಾರಿ, ಕರಿಯರ ದಾರಿ’ ಎಂಬ ಮಾತು ಆ ಬೇಸಿಗೆಯಲ್ಲೇ ದೇಶದ ತುಂಬ ಹರಡಿತ್ತು. ಗಾಂಧೀಜಿ, ನೆಹರೂ ಇಬ್ಬರೂ ಆ ಭೇದವನ್ನು ಖಂಡಿಸಿದರು. ಶಾಲೆಯ ಪುಸ್ತಕದಲ್ಲಿ ಒಂದು ಸಾಲೂ ಇಲ್ಲದ ಈ ಸಂಗತಿ, ನಮ್ಮ ಹಿತ್ತಿಲಿನ ಒಲೆಯ ಮುಂದೆ ಹೀಗೆ ಬಂದು ಕೂತಿತು.

“ಅವಳು ಲಾರಿಯಿಂದ ಕೈ ಬೀಸಿದಳು. ಅದಾದ ಮೂರನೇ ದಿನ ಬೆಳಗ್ಗೆ ಪಾಪು ಹೋಯ್ತು. ವಾಂತಿ ಭೇದಿ. ಪಲೇಲ್ ಇನ್ನೂ ದೂರ ಇತ್ತು. ಅಮ್ಮ ಕೈಯಲ್ಲೇ ಮಣ್ಣು ತೋಡಿದಳು. ಮುಂದಿನ ಕ್ಯಾಂಪಿನಲ್ಲಿ ಟೀ ತೋಟದವರು ತಗಡಿನ ಡಬ್ಬದಲ್ಲಿ ಹಾಲಿಲ್ಲದ ಚಹಾ ಕೊಟ್ಟರು. ಅಮ್ಮ ಕುಡಿಯಲಿಲ್ಲ. ನಾನು ಎರಡು ಡಬ್ಬ ಕುಡಿದೆ.”

ಎಪ್ಪತ್ನಾಲ್ಕು ವರ್ಷ ಆ ಎರಡು ಡಬ್ಬ ಚಹಾ ಅವರ ಎದೆಯಲ್ಲಿ ಕೂತಿತ್ತು.

ತಂಗಿ ಬೆರಳು ಮಡಿಸಿ ಲೆಕ್ಕ ಹಾಕಿದಳು. ಅವರು ತಲುಪಿದ್ದು 27 ಎಂದರೆ, ಲಾರಿ ತಮು ಬಿಟ್ಟದ್ದು 25 ಅಥವಾ 26. ಹಾಗಾದರೆ ಪಾಪು ತೀರಿಕೊಂಡದ್ದು ಏಪ್ರಿಲ್ 28 ಅಥವಾ 29. ನಮ್ಮ ಮನೆಯ ಮಗುವಿನ ಸಾವಿನ ದಿನ, ಇನ್ನೊಬ್ಬರ ಮಗು ಬದುಕಿ ಬಂದ ದಿನದ ಲೆಕ್ಕದಿಂದ ಸಿಕ್ಕಿತು. ಒಳಗಿನಿಂದ ಕುಟುಂಬದ ಬೈಬಲ್ ತರಿಸಿ ದೊಡ್ಡತ್ತೆ ತಾವೇ ಬರೆದರು. ಮೊದಲು ಪಾಪುವಿನ ಜ್ಞಾನಸ್ನಾನದ ಹೆಸರು. ನಾವು ಯಾರೂ ಅದುವರೆಗೆ ಕೇಳಿರದ ಹೆಸರು. ಅದರ ಮುಂದೆ ತಾರೀಖು. ಅಪ್ಪ ಆವತ್ತು ಎದ್ದು ಹೋಗಲಿಲ್ಲ.

ಸುಮಾರು 5 ಲಕ್ಷ ಭಾರತೀಯರು 1942ರಲ್ಲಿ ಬರ್ಮಾ ಬಿಟ್ಟು ಬಂದರೆಂದು ಅಂದಾಜು. ದಾರಿಯಲ್ಲಿ ಸತ್ತವರು ಎಷ್ಟು ಎಂದರೆ ಒಬ್ಬರು 10 ಸಾವಿರ ಎನ್ನುತ್ತಾರೆ, ಇನ್ನೊಬ್ಬರು 50 ಸಾವಿರ. ನಡುವಿನ 40 ಸಾವಿರ ಜನರನ್ನು ಯಾರೂ ಎಣಿಸಲಿಲ್ಲ ಎಂದೇ ಅರ್ಥ. ಕೂಲಿಯವರು, ಜಾಡಮಾಲಿಗಳು, ಬಂದರಿನ ಹಮಾಲರು, ನಮ್ಮ ಪಾಪು.

ದೊಡ್ಡತ್ತೆ 2018ರಲ್ಲಿ ತೀರಿಕೊಂಡರು. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರ್‌ಗಳ ಮೇಲೆ ಸೈಬರ್ ದಾಳಿಯಾಗಿ ಕ್ಯಾಟಲಾಗ್ ತಿಂಗಳುಗಟ್ಟಲೆ ಮುಚ್ಚಿತ್ತು. ಆಗ ಹುಡುಕಲು ಹೊರಟಿದ್ದರೆ ಹಾಳೆ ಕೊನೆಗೊಮ್ಮೆ ಸಿಗುತ್ತಿತ್ತೇನೋ, ಅದನ್ನು ಓದಿ ಹೇಳುವವರು ಇರುತ್ತಿರಲಿಲ್ಲ.

ಶಿವಾಜಿನಗರ, ಹಲಸೂರು, ಕಾಕ್ಸ್ ಟೌನ್ ಕಡೆ ಬರ್ಮಾದಿಂದ ಬಂದವರ ಮನೆಗಳು ಇನ್ನೂ ಇವೆ. 1942ರಲ್ಲಿ ನಡೆದು ಬಂದವರು, 1964ರ ನಂತರ ಅಂಗಡಿ ಮುಂಗಟ್ಟು ಕಳೆದುಕೊಂಡು ಹಡಗಿನಲ್ಲಿ ಬಂದವರು. ನಿಮ್ಮ ಮನೆಯಲ್ಲಿ ಅಂಥ ಹಿರಿಯರು ಇದ್ದರೆ ಈ ವಾರವೇ ಪಕ್ಕದಲ್ಲಿ ಕೂತು ಕೇಳಿ. ಬೀದಿಯ ಹೆಸರು, ಹಡಗಿನ ಹೆಸರು, ದಾರಿಯಲ್ಲಿ ಬಂದ ಹಬ್ಬ ಯಾವುದು ಎಂದು ಕೇಳಿ. ಪಕ್ಕದ ಮನೆಯವರ ಹೆಸರನ್ನು ಮಾತ್ರ ಮರೆಯದೆ ಬರೆದುಕೊಳ್ಳಿ.