ಮೈದಾನ ಮುಚ್ಚಿದಾಗ ತೆರೆದುಕೊಂಡ ಲೆಕ್ಕದ ಪುಸ್ತಕ

"ಆಟಕ್ಕೆ ಜಾತಿಯಿಲ್ಲ, ಬಣ್ಣವಿಲ್ಲ" ಅಂತ ಭಾಷಣ ಬಿಗಿಯೋರು ಅಮೆರಿಕದ ಕಾಲೇಜುಗಳ 2020ರ ಲೆಕ್ಕವನ್ನು ಒಮ್ಮೆ ನೋಡಬೇಕು.

ಮೊದಲೇ ಹೇಳಿಬಿಡ್ತೀನಿ, ಅಲ್ಲಿ ಫುಟ್‌ಬಾಲ್ ಅಂದ್ರೆ ನಮ್ಮ ಕಾಲ್ಚೆಂಡು ಅಲ್ಲ. ಹೆಲ್ಮೆಟ್ ಹಾಕ್ಕೊಂಡು, ಮೊಟ್ಟೆಯಾಕಾರದ ಚೆಂಡಿಗಾಗಿ ಒಬ್ಬರ ಮೇಲೊಬ್ಬರು ಬಿದ್ದು ಮೂಳೆ ಮುರ್ಕೊಳ್ಳೋ ಆಟ. ನಮ್ಮಲ್ಲಿ ಕಾಲೇಜಿನ ಕ್ರೀಡೆ ಅಂದ್ರೆ ಒಬ್ಬ ಪಿ.ಟಿ. ಮೇಷ್ಟ್ರು, ಬೀಗ ಹಾಕಿದ ಒಂದು ಕೋಣೆ. ಅಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂ ಒಂದರಲ್ಲೇ 1,07,601 ಜನ ಕೂರಬಹುದು. ಟಿಕೆಟ್, ಟಿವಿ ಹಕ್ಕು, ಹಳೇ ವಿದ್ಯಾರ್ಥಿಗಳ ದೇಣಿಗೆ ಎಲ್ಲ ಫುಟ್‌ಬಾಲ್ ಸುತ್ತಲೇ ಬರುತ್ತೆ. ದೊಡ್ಡ ಕಾಲೇಜುಗಳಲ್ಲಿ ಈಜು, ಟೆನಿಸ್, ಜಿಮ್ನಾಸ್ಟಿಕ್ಸ್ ನಡೆಯೋದು ಬಹುಪಾಲು ಈ ದುಡ್ಡಲ್ಲೇ.

ಕೊರೋನಾ ಬಂತು. 2020ರ ಮಾರ್ಚ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ರದ್ದಾಯ್ತು. ಕಾಲೇಜು ಕ್ರೀಡೆಯನ್ನು ಆಳುವ ಎನ್‌ಸಿಎಎ ಹಂಚಬೇಕಿದ್ದ 60 ಕೋಟಿ ಡಾಲರ್ 22.5 ಕೋಟಿಗೆ ಇಳೀತು. ಆಗಸ್ಟ್ 11ರಂದು ಬಿಗ್ ಟೆನ್ ಒಕ್ಕೂಟ ಫುಟ್‌ಬಾಲನ್ನೂ ಮುಂದೂಡಿತು. ಅದೇ ಒಕ್ಕೂಟದ ಅಯೋವಾ ವಿಶ್ವವಿದ್ಯಾಲಯ ಸುಮಾರು 10 ಕೋಟಿ ಡಾಲರ್ ಆದಾಯ ಹೋಗುತ್ತೆ ಅಂತ ಅಂದಾಜು ಮಾಡಿ, ಅದೇ ತಿಂಗಳು ನಾಲ್ಕು ಕ್ರೀಡೆಗಳಿಗೆ ಬೀಗ ಜಡಿಯೋದಾಗಿ ಘೋಷಿಸಿತು. ಸೆಪ್ಟೆಂಬರ್‌ನಲ್ಲಿ ಬಿಗ್ ಟೆನ್ ಮನಸ್ಸು ಬದಲಾಯಿಸಿ ಫುಟ್‌ಬಾಲ್ ಶುರು ಮಾಡ್ತು. ಕೈಬಿಟ್ಟ ಕ್ರೀಡೆಗಳು ಮಾತ್ರ ವಾಪಸ್ ಬರಲಿಲ್ಲ. ಹೆಣ್ಣುಮಕ್ಕಳು ಕೋರ್ಟಿಗೆ ಹೋದ ಮೇಲೆ ಅವರ ಈಜು ತಂಡವೊಂದು ಉಳೀತು.

ಇಷ್ಟು ದುಡ್ಡು ಬರ್ತಿದ್ದ ಕಡೆ ಒಂದು ಸೀಸನ್ ನಿಂತರೆ ಯಾಕೆ ಮುಳುಗಬೇಕು? ಯಾಕಂದ್ರೆ ಗಂಟು ಕಟ್ಟಿಡೋ ಪದ್ಧತಿಯೇ ಅಲ್ಲಿಲ್ಲ. ಷೇರುದಾರರಿಲ್ಲ, ಲಾಭ ಹಂಚೋ ಹಾಗಿಲ್ಲ. ಬಂದದ್ದೆಲ್ಲ ಕೋಚ್‌ಗಳ ಸಂಬಳಕ್ಕೆ, ಹೊಸ ಕಟ್ಟಡಕ್ಕೆ, ಆ ಕಟ್ಟಡದ ಸಾಲಕ್ಕೆ. ಅಲಬಾಮಾದ ಕೋಚ್ ನಿಕ್ ಸೇಬನ್ ಅವರ ಸಂಬಳ ವರ್ಷಕ್ಕೆ 90 ಲಕ್ಷ ಡಾಲರ್ ದಾಟಿತ್ತು. ಕೆಲವು ಕೋಚ್‌ಗಳು ಆ ವರ್ಷ ಸ್ವಲ್ಪ ಸಂಬಳ ಬಿಟ್ಟುಕೊಟ್ಟರು, ಇಲ್ಲ ಅನ್ನಲ್ಲ. ಆದರೆ ಆಡೋ ಹುಡುಗರಿಗೆ? ಫೀಸು, ಊಟ, ಹಾಸ್ಟೆಲ್ಲು, ಸಣ್ಣಪುಟ್ಟ ಖರ್ಚು. ಸಂಬಳ ಅನ್ನೋ ಮಾತೇ ಆಗ ಇರಲಿಲ್ಲ, 'ನೀವು ವಿದ್ಯಾರ್ಥಿಗಳು' ಅನ್ನೋ ಉತ್ತರ ಬರ್ತಿತ್ತು. ಮೇಲ್ದರ್ಜೆಯ ಫುಟ್‌ಬಾಲ್‌ನಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಆಟಗಾರರು ಕಪ್ಪು ಹುಡುಗರು.

ದುಡಿಯೋ ಮೈ ಒಬ್ಬರದು, ಖಜಾನೆ ಇನ್ನೊಬ್ಬರದು. ನಮಗಿದು ಹೊಸದೇನಲ್ಲ ಅಲ್ವಾ?

ಆ ವರ್ಷ ಅರ್ಥಶಾಸ್ತ್ರಜ್ಞರ ಒಂದು ಅಧ್ಯಯನ ಇದನ್ನೇ ಲೆಕ್ಕ ಹಾಕಿ ತೋರಿಸಿತು: ಬಡ ಕೇರಿಗಳಿಂದ ಬಂದ, ಕಪ್ಪು ಹುಡುಗರೇ ಹೆಚ್ಚಿರುವ ಆಟಗಳ ಗಳಿಕೆ ಕೋಚ್‌ಗಳಿಗೂ, ಅನುಕೂಲಸ್ಥ ಮನೆಗಳ ಮಕ್ಕಳು ಹೆಚ್ಚಾಗಿ ಆಡುವ ಆಟಗಳಿಗೂ ಹರಿದುಹೋಗ್ತಿದೆ ಅಂತ. ಹಾಗಂತ ಈಜುವ ಹುಡುಗ ನಮ್ಮ ಶತ್ರುವಲ್ಲ. ಕತ್ತರಿ ಬಿದ್ದಾಗ ಮಿನೆಸೋಟಾದಲ್ಲಿ ಗಂಡುಮಕ್ಕಳ ಓಟದ ತಂಡಕ್ಕೂ ಕುತ್ತು ಬಂತು. ಕಪ್ಪು ಹುಡುಗರು ಮುಂದೆ ಬರ್ತಿದ್ದ ದಾರಿಗಳಲ್ಲಿ ಅದೂ ಒಂದು.

ಇನ್ನೊಂದು ಕಡೆ ನೋಡಿ. 1946ರಲ್ಲಿ ಬಾಬಾಸಾಹೇಬರು ಪತ್ರ ಬರೆದ ಡುಬಾಯ್ಸ್ ಮೊದಲು ಓದಿದ್ದು ಫಿಸ್ಕ್‌ನಲ್ಲಿ, ಕಪ್ಪು ಜನರಿಗಾಗಿ ಕಟ್ಟಿದ ಕಾಲೇಜಿನಲ್ಲಿ. ಅಂಥ ಕಾಲೇಜುಗಳು ಇವತ್ತೂ ಇವೆ, ಕೈಯಲ್ಲಿ ಕಾಸು ಕಡಿಮೆ. ದೊಡ್ಡ ತಂಡಗಳು ಸುಲಭದ ಗೆಲುವಿಗಾಗಿ ಸಣ್ಣ ಕಾಲೇಜುಗಳನ್ನು ದುಡ್ಡು ಕೊಟ್ಟು ಕರೆಸ್ತವೆ. ಹುಡುಗರು ಹೋಗಿ ಏಟು ತಿಂದು, ಸೋತು ಬರ್ತಾರೆ. ಆ ಚೆಕ್ಕಿನಲ್ಲಿ ಕಾಲೇಜಿನ ಉಳಿದ ತಂಡಗಳ ವರ್ಷ ನಡೆಯುತ್ತೆ. 2020ರ ಜುಲೈನಲ್ಲಿ ದೊಡ್ಡ ಒಕ್ಕೂಟಗಳು 'ನಾವು ನಮ್ಮೊಳಗೇ ಆಡ್ಕೋತೀವಿ' ಅಂದಾಗ ಆ ಚೆಕ್ಕೂ ಹೋಯ್ತು. ಕಪ್ಪು ಕಾಲೇಜುಗಳ ಎರಡು ಒಕ್ಕೂಟಗಳು, ಎಂಇಎಸಿ ಮತ್ತು ಎಸ್‌ಡಬ್ಲ್ಯುಎಸಿ, ಅದೇ ತಿಂಗಳು ಆ ಋತುವಿನ ಫುಟ್‌ಬಾಲ್ ಕೈಬಿಟ್ಟವು.

ನನ್ನ ಮನಸ್ಸಲ್ಲಿ ಉಳಿದಿರೋದು ಆಗಸ್ಟ್ 2. ಪಶ್ಚಿಮ ಕರಾವಳಿಯ ಪ್ಯಾಕ್-12 ಒಕ್ಕೂಟದ ಹುಡುಗರು ಬಹಿರಂಗ ಪತ್ರ ಬರೆದು, ಕೇಳಿದ್ದು ಸಿಗದಿದ್ದರೆ ಆಡಲ್ಲ ಅಂದ್ರು. ಸೋಂಕಿನಿಂದ ರಕ್ಷಣೆ ಕೊಡಿ, ಆದಾಯದಲ್ಲಿ ಅರ್ಧ ಪಾಲು ಕೊಡಿ, ವರ್ಣಭೇದದ ವಿರುದ್ಧ ದುಡ್ಡು ಎತ್ತಿಡಿ. ಜೊತೆಗೆ ಇನ್ನೊಂದು: ಮೇಲಿನೋರ ಸಂಬಳ ಕಡಿಮೆ ಮಾಡಿ, ಬೇರೆ ಕ್ರೀಡೆಗಳನ್ನು ಮುಚ್ಚಬೇಡಿ. 2,770 ಕೋಟಿ ಡಾಲರ್ ನಿಧಿ ಇಟ್ಕೊಂಡ ಸ್ಟ್ಯಾನ್‌ಫರ್ಡ್ 11 ಕ್ರೀಡೆಗಳನ್ನು ನಿಲ್ಲಿಸ್ತೀವಿ ಅಂದಿತ್ತಲ್ಲ, ಅದನ್ನು ಹೆಸರಿಟ್ಟೇ ಕೇಳಿದ್ರು. ತಮ್ಮ ಬೆವರಲ್ಲಿ ನಡೀತಿದ್ದ ಆಟಗಳ ಮಕ್ಕಳ ಪರವಾಗಿ, ಸಂಬಳವಿಲ್ಲದ ಈ ಹುಡುಗರು ನಿಂತ್ಕೊಂಡ್ರು.

ಸ್ಟ್ಯಾನ್‌ಫರ್ಡ್ 2021ರ ಮೇನಲ್ಲಿ ಆ 11 ಕ್ರೀಡೆಗಳನ್ನೂ ಉಳಿಸಿಕೊಂಡಿತು. ಆಟಗಾರರಿಗೆ ಕಾಲೇಜು ನೇರವಾಗಿ ದುಡ್ಡು ಕೊಡಬಹುದು ಅನ್ನೋ ಒಪ್ಪಂದಕ್ಕೆ ಕೋರ್ಟಿನ ಮುದ್ರೆ ಬೀಳೋಕೆ 2025ರ ಜೂನ್ ಆಯ್ತು. ಪತ್ರ ಬರೆದ ಹುಡುಗರು ಅಷ್ಟೊತ್ತಿಗೆ ಬಹುಪಾಲು ಕಾಲೇಜು ಮುಗಿಸಿದ್ರು.

ಜೈ ಭೀಮ್.