ಬೆಳಕು ಚೆನ್ನಾಗಿತ್ತು

ನಮ್ಮ ಬಂಧುವರ್ಗದಲ್ಲಿ ಕಾಗದ ಬರೆಯುವ ಪದ್ಧತಿ ನಿಂತುಹೋಗಿ ವರ್ಷಗಳಾದವು. ಅದರ ಸ್ಥಾನದಲ್ಲಿ ಈಗ ವಾಟ್ಸ್‌ಆ್ಯಪ್ ಬಳಗವೊಂದಿದೆ. ಬೆಳಗ್ಗೆ ಕಾಫಿಯ ಡಿಕಾಕ್ಷನ್ ಇಳಿಯುವ ಮೊದಲೇ ಸೋದರಮಾವನವರ ನಗೆಹನಿ ಇಳಿದುಬಿಡುತ್ತದೆ. ನಾಲ್ಕನೆಯ ಸಲ ಬಂದ ನಗೆಹನಿಯಾದರೂ ನಾವೆಲ್ಲರೂ ಕಣ್ಣೀರು ಸುರಿಸುತ್ತ ನಗುವ ಮುಖವೊಂದನ್ನು ತಪ್ಪದೆ ಒಪ್ಪಿಸುತ್ತೇವೆ. ನಗುವುದು ಆ ಮುಖ, ನಾವಲ್ಲ.

ಈ ಮುಖಗಳಿಗೂ ಒಬ್ಬ ಹಿರಿಯನಿದ್ದಾನೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ, ಗಣಕದ ಮೂಲಕ ಹಂಚಿಕೊಂಡ ತಮಾಷೆಯನ್ನು ಕೆಲವರು ನಿಜವೆಂದೇ ಬಗೆಯುತ್ತಿದ್ದರಂತೆ. 1982ರ ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್ಮನ್ ಎಂಬ ವಿಜ್ಞಾನಿ ಅದಕ್ಕೊಂದು ಉಪಾಯ ಸೂಚಿಸಿದರು: ಎರಡು ಚುಕ್ಕೆ, ಒಂದು ಗೀಟು, ಒಂದು ಕಂಸ. ತಲೆ ಓರೆ ಮಾಡಿ ನೋಡಿದರೆ ನಗುವ ಮುಖ! 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದವೆಂದು ಆರಿಸಿದ್ದು ನಮ್ಮ ಬಳಗದ ಆ ಕಣ್ಣೀರಿನ ನಗೆಮುಖವನ್ನೇ.

ತರಗತಿಯಲ್ಲಿ ರಸ, ಸ್ಥಾಯಿಭಾವ, 33 ಸಂಚಾರಿಭಾವಗಳೆಂದು ಬೋಧಿಸುವ ನಾನು ಇದನ್ನು ಕಂಡು ಹುಬ್ಬು ಗಂಟಿಕ್ಕುವುದುಂಟು. ಆದರೆ ನಾನೂ ಈ ಚಪಲಕ್ಕೆ ಹೊರತಲ್ಲ. 24 ಗಂಟೆಗಳಲ್ಲಿ ಮಾಯವಾಗುವ ‘ಸ್ಟೇಟಸ್’ 2017ರಲ್ಲಿ ಬಂದ ಮೇಲೆ ನನ್ನ ಸಂಚಾರಿಭಾವಗಳೂ ಅಲ್ಲಿಯೇ ಸಂಚರಿಸುತ್ತಿವೆ. ಮಳೆ ಬಂದರೆ ಮಳೆ, ಬೇಸರವಾದರೆ ಖಾಲಿ ರಸ್ತೆ!

ಕಳೆದ ನವರಾತ್ರಿಯ ರಜೆಯಲ್ಲಿ ತೀರ್ಥಹಳ್ಳಿಯ ಬಳಿಯ ನಮ್ಮೂರಿಗೆ ಹೋಗಿದ್ದೆ. ಸಂಜೆಯ ಹೊತ್ತು. ಅಡಿಕೆತೋಟದ ಮೇಲಿನಿಂದ ಹೊಂಬಿಸಿಲು ಓರೆಯಾಗಿ ಜಗಲಿಗೆ ಬಿದ್ದಿತ್ತು. ಅಮ್ಮ ಕಂಬಕ್ಕೆ ಒರಗಿ ವಾರಪತ್ರಿಕೆಯನ್ನು ಮುಖದೆದುರು ಹಿಡಿದು ಕುಳಿತಿದ್ದಳು. ಅರ್ಧ ಮುಖ ಬೆಳಕು, ಅರ್ಧ ನೆರಳು. ತಟ್ಟನೆ ಚಿತ್ರ ತೆಗೆದು ‘ಸಂಜೆಯ ಶಾಂತಿ’ ಎಂಬ ಶೀರ್ಷಿಕೆಯೊಡನೆ ಸ್ಟೇಟಸ್‌ಗೆ ಏರಿಸಿದೆ. ಮೆಚ್ಚುಗೆಯ ಸುರಿಮಳೆಯಾಯಿತು. ಸಹೋದ್ಯೋಗಿಯೊಬ್ಬರಂತೂ, “ಇದನ್ನು ಸ್ಪರ್ಧೆಗೆ ಕಳುಹಿಸಿ” ಎಂದರು. ನಾನು ಬೀಗಿದೆ.

ರಾತ್ರಿ ಪುಣೆಯಿಂದ ತಂಗಿಯ ಕರೆ ಬಂತು.

“ಅಣ್ಣಾ, ಅಮ್ಮನ ಕನ್ನಡಕ ಎಲ್ಲಿ?”

ಚಿತ್ರವನ್ನು ಮತ್ತೆ ತೆರೆದೆ. ಕನ್ನಡಕವಿರಲಿಲ್ಲ. ಪತ್ರಿಕೆ ಮೂಗಿಗೆ ತಾಗುವಷ್ಟು ಹತ್ತಿರವಿತ್ತು. ಹುಬ್ಬುಗಳ ನಡುವಿನ ಗೆರೆ, ನಾನು ಶಾಂತಿ ಎಂದುಕೊಂಡದ್ದು, ಕಾಣದ ಅಕ್ಷರಗಳೊಡನೆ ಅವಳು ನಡೆಸಿದ್ದ ಹೋರಾಟ.

ಅಡಿಗೆಮನೆಗೆ ಹೋಗಿ ಕೇಳಿದೆ.

“ಒಡೆದು ಒಂದು ತಿಂಗಳಾಯಿತು ಮಾರಾಯ. ನೀನು ಬಂದಾಗ ಹೇಳೋಣ ಅಂತಿದ್ದೆ. ಬಂದಾಗಿನಿಂದ ಫೋನಿನಲ್ಲೇ ಇದ್ದೀಯಲ್ಲ, ಏನೋ ಕೆಲಸವಿರಬೇಕು ಅಂತ ಸುಮ್ಮನಾದೆ.”

ಅವಳ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ.

ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ಜನಸಾಮಾನ್ಯರನ್ನು ತೆಗೆದ ಕಪ್ಪುಬಿಳುಪು ಚಿತ್ರಗಳು ನನಗೆ ಅಚ್ಚುಮೆಚ್ಚು. ಅವುಗಳ ಮುಂದೆ ನಿಂತಾಗ, ‘ಇವರು ಯಾರು, ಹೇಗಿದ್ದಾರೆ?’ ಎನ್ನಿಸುತ್ತದೆ. ಬೆಳಕಿನ ನೆನಪಾಗುವುದು ಆಮೇಲೆ. ನಾನಾದರೋ ಬೆಳಕನ್ನು ಕಂಡೆ, ಅಮ್ಮನನ್ನು ಕಾಣಲಿಲ್ಲ. ಹಾಗೆಂದು ಯಂತ್ರವನ್ನು ಹಳಿಯಲಾರೆ. ಮೂರು ಮಾರು ದೂರದಲ್ಲಿದ್ದ ನನಗೆ ಕಾಣದ್ದನ್ನು ಪುಣೆಯಲ್ಲಿದ್ದ ತಂಗಿಗೆ ತೋರಿಸಿದ್ದೂ ಅದೇ ಯಂತ್ರವಲ್ಲವೇ? ಚಿತ್ರವನ್ನು ನೂರು ಮಂದಿ ಮೆಚ್ಚಬಹುದು. ನೋಡುವವರು ಒಬ್ಬರಿದ್ದರೆ ಪುಣ್ಯ.

ಮರುದಿನವೇ ಪೇಟೆಗೆ ಕರೆದೊಯ್ದು ಕಣ್ಣು ಪರೀಕ್ಷೆ ಮಾಡಿಸಿದೆ. ಹೊಸ ಕನ್ನಡಕ ಬಂದ ದಿನ ಮತ್ತೆ ಫೋನೆತ್ತಿದಾಗ ಅಮ್ಮ ಕೈ ಅಡ್ಡ ಮಾಡಿದಳು.

“ಊರಿಗೆಲ್ಲ ತೋರಿಸಬೇಡ. ಅವಳೊಬ್ಬಳಿಗೆ ಕಳಿಸು.”

ಹಾಗೆಯೇ ಮಾಡಿದೆ. ಹಿಂದೆ ಕಿಟಕಿಯಿದ್ದುದರಿಂದ ಮುಖ ಕಪ್ಪಾಗಿತ್ತು. ಯಾವ ಸ್ಪರ್ಧೆಗೂ ಸಲ್ಲದ ಚಿತ್ರ. ತಂಗಿಯ ಉತ್ತರ ಕೂಡಲೇ ಬಂತು. ನಗೆಮುಖಗಳೇನೂ ಇರಲಿಲ್ಲ, ಎರಡೇ ಮಾತು:

“ಅಮ್ಮ ನಕ್ಕಿದ್ದಾಳೆ.”