ದನಿ ಕಲಿಯುವ ಮರಿ

ತಾಯಿ–ಮರಿ ಒಂದನ್ನೊಂದು ಗುರುತಿಸುವುದು ಹುಟ್ಟುಗುಣ, ಅದರಲ್ಲೇನು ವಿಶೇಷ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿರುವ ಆಮ್‌ಸ್ಟರ್‌ಡ್ಯಾಮ್ ದ್ವೀಪದಲ್ಲಿ ಫರ್ ಸೀಲ್ ತಾಯಿ ಆಹಾರ ಹುಡುಕಿಕೊಂಡು ಎರಡು–ಮೂರು ವಾರ ಕಡಲಿಗೆ ಹೋಗಿಬಿಡುತ್ತದೆ. ಮರಿ ಬಂಡೆಗಳ ಮೇಲೆ, ಬೇರೆ ಮರಿಗಳ ಗದ್ದಲದ ನಡುವೆ ಹಸಿದು ಕಾಯುತ್ತದೆ. ಸಂಶೋಧಕಿ ಇಸಾಬೆಲ್ ಶಾರ್ಯೆ ಮತ್ತು ಸಂಗಡಿಗರು ಅಲ್ಲಿ ಮರಿಗಳಿಗೆ ತಾಯಂದಿರ ಕೂಗನ್ನು ಧ್ವನಿವರ್ಧಕದಲ್ಲಿ ಕೇಳಿಸಿ ನೋಡಿದರು. 2001ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇದು: ತಾಯಿಯ ದನಿ ಕಲಿಯಲು ಮರಿಗೆ ಹುಟ್ಟಿದ ಮೇಲೆ 2ರಿಂದ 5 ದಿನ ಬೇಕು, ಅದು ಕಲಿತ ಮೇಲೆಯೇ ತಾಯಿ ಮೊದಲ ಸಲ ಕಡಲಿಗೆ ಹೊರಡುವುದು.

ವಾಸನೆಯೇ ಸಾಲದೆ ಎಂದು ಕೇಳಬಹುದು. ವಾಸನೆಗೂ ಪಾಲಿದೆ, ತಾಯಿ ಮರಿಯ ಮೂತಿಯನ್ನು ಮೂಸಿ ಖಚಿತಪಡಿಸಿಕೊಳ್ಳುತ್ತದೆ. ಆದರೆ ಅಷ್ಟು ಹತ್ತಿರ ಬರಲು ಮೊದಲು ಕರೆ ಕೇಳಿಸಬೇಕು. ತಪ್ಪಿ ಇನ್ನೊಂದು ತಾಯಿಯ ಬಳಿ ಹೋದ ಮರಿಗೆ ಕಡಿತವೇ ಸಿಗುವುದು. ಇದಕ್ಕೆ ವ್ಯತಿರಿಕ್ತವಾಗಿ, ಹಾಲೂಡಿಸುವಷ್ಟು ದಿನವೂ ತಾಯಿ ಮರಿಯ ಪಕ್ಕದಲ್ಲೇ ಇರುವ ಹವಾಯಿಯ ಮಾಂಕ್ ಸೀಲ್‌ಗಳಲ್ಲಿ ಮರಿಗಳು ಅದಲುಬದಲಾಗುವುದುಂಟು. ದನಿಯ ನೆನಪನ್ನು ಹರಿತಗೊಳಿಸಿದ್ದು ಅಗಲಿಕೆಯೇ ಎಂದು ನಾನು ನಂಬುವುದು ಇದಕ್ಕೇ. ಉತ್ತರದ ಫರ್ ಸೀಲ್‌ಗಳಲ್ಲಂತೂ ಹಾಲು ಬಿಟ್ಟು 4 ವರ್ಷ ಕಳೆದ ಮೇಲೂ ಮರಿ ತಾಯಿಯ ದನಿಗೆ ಓಗೊಟ್ಟಿದೆ.